ಗೇಟಿನ ಬೆಲ್ಲ

ಆ ಭಾನುವಾರ ಕುಕ್ಕರ್ ಮೂರು ಸಲ ಕೂಗಿದರೂ ಗುಬ್ಬಿ ಓಡಿ ಬರಲಿಲ್ಲ.

ಐದು ವರ್ಷದ ಆ ಹುಡುಗಿಗೆ ಕುಕ್ಕರಿನ ಕೂಗೆಂದರೆ ಮೊದಲಿನಿಂದಲೂ ಜೀವ ಹಾರಿಹೋಗುತ್ತಿತ್ತು. ಎಲ್ಲಿದ್ದರೂ ಮೊದಲ ಸೀಟಿಗೇ ಓಡಿಬಂದು ಅವ್ವನ ಸೀರೆಯ ನಿರಿಗೆಯಲ್ಲಿ ಮುಖ ಹುದುಗಿಸಿ, ಕಿವಿ ಮುಚ್ಚಿಕೊಂಡು, "ಮುಗೀತೇನ? ಮುಗೀತೇನ?" ಎಂದು ಕೇಳುತ್ತಿದ್ದಳು. ಆ ದಿನ ಒಲೆಯ ಕಟ್ಟೆಯ ಕೆಳಗೇ ಕೂತು ಬಳಪದಿಂದ ನೆಲದ ಮೇಲೆ ಕೋಳಿ ಬರೆಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ದೊಡ್ಡಾಕಿ ಆದ್ಲು ನಮ್ಮ ಗುಬ್ಬಿ," ಎಂದು ಅಜ್ಜಿ ಕಾಶವ್ವ ಹೂರಣಕ್ಕೆ ಬೆಲ್ಲ ಕುಟ್ಟುತ್ತ ಮೆಚ್ಚಿಕೊಂಡಳು. "ಅವರಪ್ಪನ ಹಂಗ. ಧೈರ್ಯವಂತಿ."

ಗುಬ್ಬಿಯ ಅವ್ವ ನೀಲಾಂಬಿಕಾಳಿಗೂ ಹಾಗೇ ಅನಿಸಿತು. ಹೋಳಿಗೆ ಆಯಿತು. ಎಲ್ಲರೂ ಉಂಡರು. ನೀಲಾಂಬಿಕಾ ಎರಡು ತಿಂದಳು.

ನೀಲಾಂಬಿಕಾ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಆರು ವರ್ಷವಾಗಿತ್ತು. ಗಂಡ ಶಿವಪುತ್ರ ಅದೇ ಕಾರ್ಖಾನೆಯ ಟವರಿನಲ್ಲಿ ಸೂಪರ್‌ವೈಸರ್. ಸುಣ್ಣದಕಲ್ಲಿನ ಪುಡಿಯನ್ನು ಸುಡುವ ಕುಲುಮೆಗೆ, ಅಂದರೆ ಕಿಲ್ನಿಗೆ, ಬಿಡುವ ಮೊದಲು ಕಾಯಿಸುವ ಆರಂತಸ್ತಿನ ಗೋಪುರವದು. ಕೆಲಸಗಾರರು ಆ ಪುಡಿಯನ್ನು ಹಿಟ್ಟು ಎನ್ನುತ್ತಿದ್ದರು. ಹಿಟ್ಟು ಇಳಿಯುವ ದೊಡ್ಡ ಆಲಿಕೆಗಳಿಗೆ ಸೈಕ್ಲೋನ್ ಎಂದು ಹೆಸರು. ಒಮ್ಮೊಮ್ಮೆ ಹಿಟ್ಟು ಒಳಗೇ ಕಟ್ಟಿಕೊಳ್ಳುತ್ತದೆ. ಆಗ ಬಾಗಿಲು ತೆರೆದು ಉದ್ದನೆಯ ಕಬ್ಬಿಣದ ಸಲಾಕೆಯಿಂದ ತಿವಿದು ಬಿಡಿಸಬೇಕು. ಬಿಡಿಸುವಾಗ ಎಂಟುನೂರು ಡಿಗ್ರಿಯ ಹಿಟ್ಟು ನೀರಿನ ಹಾಗೆ ಮೈಮೇಲೆ ಬಂದುಬಿಟ್ಟರೆ, ಮನೆಯವರಿಗೆ ತೋರಿಸಲು ಮುಖ ಉಳಿಯುವುದಿಲ್ಲ.

ಇಂಥ ಸಾವುಗಳು ಹೆಚ್ಚಾದ ಮೇಲೆಯೇ ಸರ್ಕಾರ ಎರಡು ವರ್ಷದ ಹಿಂದೆ ಹೊಸ ಕಾಯಿದೆ ತಂದು ಎಲ್ಲ ಕಾರ್ಖಾನೆಗಳಲ್ಲೂ ಭಯಮಾಪಕ ಕಡ್ಡಾಯ ಮಾಡಿದ್ದು. ಮನುಷ್ಯ ಅಂಜಿದಾಗ ಅವನ ಉಸಿರಿನಲ್ಲಿ, ಬೆವರಿನಲ್ಲಿ ಕೆಲವು ವಸ್ತುಗಳು ಹೊರಬೀಳುತ್ತವೆ. ಮೂಗಿಗೆ ತಿಳಿಯದಷ್ಟು ಕಡಿಮೆ, ಯಂತ್ರಕ್ಕೆ ತಿಳಿಯುವಷ್ಟು ಹೆಚ್ಚು. ಹತ್ತಾರು ವರ್ಷ ಕಿಲ್ನಿನ ಹತ್ತಿರ ದುಡಿದವನಿಗೆ ಸಪ್ಪಳ ಕೊಂಚ ಬದಲಾದರೂ, ಕಾಲಡಿಯ ನಡುಕ ತುಸು ಏರಿದರೂ ಮೈ ಜುಮ್ಮೆನ್ನುತ್ತದೆ. ಯಾಕೆಂದು ಅವನಿಗೇ ಗೊತ್ತಿರುವುದಿಲ್ಲ. ಯಂತ್ರಗಳಿಗಿಂತ ಮೊದಲು ಮನುಷ್ಯನ ಮೈಗೆ ಗಂಡಾಂತರ ತಿಳಿಯುತ್ತದೆ ಎಂಬುದನ್ನೇ ಕಾಯಿದೆ ನಂಬಿತ್ತು. ಒಂದು ಅಂತಸ್ತಿನಲ್ಲಿ ಮಾಪಕದ ಅಂಕಿ ಅರವತ್ತು ದಾಟಿ ತೊಂಬತ್ತು ಸೆಕೆಂಡು ನಿಂತರೆ ಸೈರನ್ ಆಗಿ ಹಿಟ್ಟು ತಾನಾಗಿಯೇ ನಿಲ್ಲುತ್ತದೆ. ಯಾರೂ ತಡೆಯುವಂತಿಲ್ಲ.

ಕೆಲಸಗಾರರು ಅದಕ್ಕೆ ಅಂಜುಬುರುಕ ಎಂದು ಹೆಸರಿಟ್ಟರು. "ಇವತ್ತ ಅಂಜುಬುರುಕ ಒದರಿದ್ನೇನ್ಲೇ?" ಎಂಬುದು ಚಹಾದ ಅಂಗಡಿಯ ಮಾತಾಯಿತು. ಮೊದಲ ವರ್ಷ ತಿಂಗಳಿಗೆ ಹತ್ತು ಹನ್ನೊಂದು ಸಲ ಒದರಿತು. ಪ್ರತಿ ಸಲವೂ ಹುಡುಕಿದರೆ ಎಲ್ಲೋ ಒಂದು ಬಿರುಕು, ಎಲ್ಲೋ ಒಂದು ಸಡಿಲ ಬೋಲ್ಟು ಸಿಗುತ್ತಿತ್ತು. ಪ್ರತಿ ಸಲವೂ ಕಿಲ್ನು ತಣ್ಣಗಾಗಿ ಮತ್ತೆ ಕಾಯಲು ಒಂದು ದಿನ ಹಿಡಿಯುತ್ತಿತ್ತು.

ಎರಡನೆಯ ವರ್ಷ ಅದು ಒದರುವುದು ಕಡಿಮೆಯಾಯಿತು. ಕಳೆದ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಒದರಲಿಲ್ಲ. ಕಂಪನಿಗೆ ಸುರಕ್ಷತೆಯ ಪ್ರಶಸ್ತಿ ಬಂತು.

ಮಾಪಕಗಳು ಸರಿಯಾಗಿವೆಯೇ ಎಂದು ತಿಂಗಳಿಗೊಮ್ಮೆ ನೋಡಿ ಸಹಿ ಮಾಡುವುದು ನೀಲಾಂಬಿಕಾಳ ಕೆಲಸ. ಶನಿವಾರ ನೋಡಿದ್ದಳು. ಯಂತ್ರ ಸರಿಯಾಗಿಯೇ ಇತ್ತು. ಆದರೆ ನಾಲ್ಕನೇ ಅಂತಸ್ತಿನಲ್ಲಿ ಮೂವರು ಕೆಲಸ ಮಾಡುತ್ತಿದ್ದಾಗಲೂ ಅಂಕಿ ಮೂರು ಇತ್ತು. ಸುಮ್ಮನೆ ಕೂತ ಒಬ್ಬ ಮನುಷ್ಯನೇ ಹನ್ನೆರಡು ತೋರಿಸಬೇಕು. ಮೂರು ಎಂದರೆ ಯಾರೂ ಇಲ್ಲದ ಕೋಣೆಯ ಅಂಕಿ. ಗಾಳಿ ಹೆಚ್ಚಿರಬೇಕು ಎಂದುಕೊಂಡು ಸಹಿ ಹಾಕಿ ಇಳಿದುಬಂದಿದ್ದಳು.

*

ಭಾನುವಾರ ಹೋಳಿಗೆಯ ಊಟವಾದ ಮೇಲೆ ನೀಲಾಂಬಿಕಾ ಗುಬ್ಬಿಯನ್ನು ಹುಡುಕಿಕೊಂಡು ಹೊರಗೆ ಬಂದಳು. ಕ್ವಾರ್ಟರ್ಸಿನ ಹಿಂದೆ ಸಿಮೆಂಟ್ ತುಂಬುವ ವ್ಯಾಗನ್‌ಗಳ ಹಳಿ. ಅದರ ಮೇಲೆ ಏಳು ಮಕ್ಕಳು ಸಾಲಾಗಿ ಕೂತು ಹುಣಸೆಬೀಜ ಎಣಿಸುತ್ತಿದ್ದರು. ನಾಲ್ಕನೆಯವಳು ಗುಬ್ಬಿ. ದೂರದ ತಿರುವಿನಿಂದ ವ್ಯಾಗನ್‌ಗಳ ಸಾಲು ಹಿಂದುಮುಂದಾಗಿ ಸರಿದು ಬರುತ್ತಿತ್ತು. ಕೊನೆಯ ವ್ಯಾಗನ್ನಿನ ಮೇಲೆ ನಿಂತಿದ್ದವನು ಸೀಟಿ ಊದುತ್ತಿದ್ದ. ಮಕ್ಕಳು ತಲೆ ಎತ್ತಿ ನೋಡಿದರು, ಮತ್ತೆ ಬೀಜ ಎಣಿಸತೊಡಗಿದರು.

ನೀಲಾಂಬಿಕಾ ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಸಿಕ್ಕಿದ ರಟ್ಟೆ, ಸಿಕ್ಕಿದ ಜುಟ್ಟು ಹಿಡಿದು ಎಳೆದೆಳೆದು ಜಲ್ಲಿಯ ಮೇಲೆ ಕೆಡವಿದಳು. ಕೊನೆಯ ಹುಡುಗನನ್ನು ಎಳೆದು ಬಹಳ ಹೊತ್ತಾಗಿರಲಿಲ್ಲ, ವ್ಯಾಗನ್‌ಗಳು ಹುಣಸೆಬೀಜಗಳ ಮೇಲೆ ಹಾದುಹೋದವು.

ಅಳಲಿಲ್ಲ ಒಂದು ಮಗುವೂ. "ಅವ್ವಾ, ನನ್ನ ಬೀಜ ಹ್ವಾದವು," ಎಂದಳು ಗುಬ್ಬಿ ಬೇಸರದಿಂದ.

ಆಗ ನೀಲಾಂಬಿಕಾ ಕಂಡದ್ದು ಹಳಿಯ ಆ ಬದಿಯಲ್ಲಿ ನಿಂತಿದ್ದ ಶಿವಪುತ್ರನನ್ನು. ಕೈಕಟ್ಟಿ ನಿಂತಿದ್ದ. ಮೊದಲಿನಿಂದಲೂ ಅಲ್ಲೇ ನಿಂತಿದ್ದನಂತೆ.

"ಯಾಕ ಅಷ್ಟ ಓಡಿ ಬಂದಿ?" ಎಂದ ನಗುತ್ತ. "ಇನ್ನೂ ದೂರ ಇತ್ತು. ಏಳತಿದ್ರು ತಾವಽ."

ಅವಳು ಗಂಡನ ಮುಖವನ್ನು ನೋಡಿದಳು. ಎಂಟು ವರ್ಷ ನೋಡಿದ ಮುಖವೇ. ಗುಬ್ಬಿಗೆ ನೂರು ಡಿಗ್ರಿ ಜ್ವರ ಬಂದರೆ ರಾತ್ರಿಯಿಡೀ ಅಡ್ಡಾಡುತ್ತಿದ್ದ ಮನುಷ್ಯ. ಆ ಕಣ್ಣುಗಳಲ್ಲಿ ಪ್ರೀತಿ ಹಾಗೇ ಇತ್ತು. ಬೇರೆ ಏನೋ ಒಂದು ಇರಲಿಲ್ಲ.

ಮನೆಗೆ ಬಂದು ಮಗಳ ಮಣ್ಣಾದ ಫ್ರಾಕು ಬಿಚ್ಚುವಾಗ ಜೇಬಿನಿಂದ ಕಾಗದದ ಪೊಟ್ಟಣ ಬಿತ್ತು. ಒಳಗೆ ಅರ್ಧ ತಿಂದ ಬೆಲ್ಲದ ಉಂಡೆ.

"ಇದು ಎಲ್ಲೀದವ್ವ?"

"ಅಪ್ಪ ತಂದದ್ದು. ದಿನಾ ತರ್ತಾನ. ಗೇಟಿನ ಬೆಲ್ಲ."

"ಇವತ್ತಿನ ಹೋಳಿಗೀನೂ ಅದರದಽ," ಎಂದಳು ಕಾಶವ್ವ. "ಗುಬ್ಬಿ ತಿಂದು ಉಳಿದದ್ದನ್ನ ಒಂದ್ ತಿಂಗಳು ಕೂಡಿಸಿಟ್ಟಿದ್ದೆ. ಭಾಳ ಛಲೋ ಬೆಲ್ಲ ಕೊಡ್ತಾರವ್ವ ಕಂಪನ್ಯಾವ್ರು."

*

ಧೂಳಿನಲ್ಲಿ ದುಡಿಯುವವರಿಗೆ ಗಂಟಲು ತಿಳಿಯಾಗಲೆಂದು ಬೆಲ್ಲ ಕೊಡುವುದು ಕಾರ್ಖಾನೆಗಳ ಹಳೆಯ ಪದ್ಧತಿ. ಒಳಗೆ ಹೋಗುವಾಗ ಗೇಟಿನಲ್ಲಿ ಗಂಗವ್ವ ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ಉಂಡೆ ಇಡುತ್ತಿದ್ದಳು. ಆಫೀಸಿನವರಿಗೆ, ಲ್ಯಾಬಿನವರಿಗೆ ಇಲ್ಲ. ಗಂಗವ್ವನ ತಲೆಯ ಮೇಲೆ ಒಂದು ಬೋರ್ಡು: "ಬೆಲ್ಲವನ್ನು ಮನೆಗೆ ಒಯ್ಯುವುದನ್ನು ನಿಷೇಧಿಸಲಾಗಿದೆ." ನೀಲಾಂಬಿಕಾ ಅದನ್ನು ದಿನವೂ ಓದಿದ್ದಳು. ಕಂಪನಿಯ ಜಿಪುಣತನ ಎಂದುಕೊಂಡಿದ್ದಳು. ಎಲ್ಲರೂ ಹಾಗೇ ಅಂದುಕೊಂಡು, ಅರ್ಧ ಕಡಿದು ಉಳಿದರ್ಧ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದರು. ಮಕ್ಕಳಿರುವ ಯಾವ ಗಂಡಸೂ ಆ ಊರಿನಲ್ಲಿ ಪೂರ್ತಿ ಉಂಡೆ ತಿಂದದ್ದಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಎರಡು ಬಾಟಲಿಗಳಲ್ಲಿ ಬೆಲ್ಲದ ನೀರು ಮಾಡಿ, ಮಾಪಕಕ್ಕಾಗಿ ತಂದಿಟ್ಟ ಪರೀಕ್ಷಾ ಯಂತ್ರಕ್ಕೆ ಹಾಕಿದಳು. ಒಂದು ಅಂಗಡಿಯದು, ಒಂದು ಗೇಟಿನದು. ಪರದೆಯ ಮೇಲೆ ಎರಡು ಗೆರೆಗಳು ಜೊತೆಯಾಗಿ ಹೊರಟು, ಜೊತೆಯಾಗಿ ಏರಿ ಇಳಿದವು. ಹನ್ನೊಂದನೇ ನಿಮಿಷಕ್ಕೆ ಗೇಟಿನ ಗೆರೆ ಒಂಟಿಯಾಗಿ ಮೇಲೆದ್ದಿತು. ಕಬ್ಬಿನಲ್ಲಿ ಇರದ ಏನೋ.

ಆ ಗೆರೆಗಳನ್ನು ಅಚ್ಚು ಹಾಕಿದ ಕಾಗದವನ್ನು ಹಿಡಿದುಕೊಂಡು ಪ್ಲಾಂಟ್ ಮುಖ್ಯಸ್ಥ ಕಲ್ಲೂರರ ಕೋಣೆಗೆ ಹೋದಳು. ಕಲ್ಲೂರರು ಮೆದು ಮಾತಿನ ಮನುಷ್ಯ. ಕೆಳಗಿನವರನ್ನೂ ಬಹುವಚನದಲ್ಲೇ ಮಾತಾಡಿಸುವವರು. ಕಾಗದ ನೋಡಿ, ಕನ್ನಡಕ ತೆಗೆದು ಒರೆಸಿದರು.

"ಕೂಡ್ರಿ ನೀಲಾಂಬಿಕಾ ಅವರ. ಚಹಾ ಹೇಳ್ಲಿ?"

"ಇದೇನ್ರಿ ಸರ್?"

"ಔಷಧ. ಕೆಟ್ಟದ್ದಲ್ಲ. ಆಸ್ಪತ್ರಿಯೊಳಗ ಆಪರೇಶನ್ ಮುಂಚೆ ಕೊಡ್ತಾರಲ್ಲ, ಆ ಜಾತೀದು. ನಮ್ಮ ಮಂದಿ ಈಗ ಛಲೋ ನಿದ್ದಿ ಮಾಡ್ತಾರ. ಕುಡಿಯೂದು ಅರ್ಧ ಕಡಿಮಿ ಆಗ್ಯದ. ನಿಮ್ಮ ಯಜಮಾನ್ರನ್ನಽ ಕೇಳ್ರಿ, ಏನು ತ್ರಾಸ ಅದ ಅಂತ."

"ತ್ರಾಸ ಇಲ್ಲಂತಾರ್ರಿ. ನಿನ್ನೆ ಮಗಳು ಹಳಿ ಮ್ಯಾಲೆ ಕುಂತಿದ್ದಳು. ವ್ಯಾಗನ್ ಬರಾಕತ್ತಿತ್ತು. ಅವರು ನಿಂತು ನೋಡಾಕತ್ತಿದ್ರು."

ಕಲ್ಲೂರರು ಕನ್ನಡಕ ಹಾಕಿಕೊಂಡರು. "ಮಗಳಿಗೆ ಹೆಂಗ ಸಿಕ್ತು? ಅದನ್ನ ಅರವತ್ತು ಕಿಲೋ ತೂಕದವರಿಗಂತ ಲೆಕ್ಕ ಹಾಕೇದ. ಮನೀಗೆ ಒಯ್ಯಬಾರದಂತ ಬೋರ್ಡ್ ಅದಲ್ಲ."

"ಸರ್, ನಿಮ್ಮ ತಂದೆಯವ್ರು ಸುಣ್ಣದ ಭಟ್ಟ್ಯಾಗ ದುಡದವ್ರು ಅಂತ ನೀವಽ ಹೇಳಿದ್ರಿ. ಅವರು ಬೆಲ್ಲ ಮನೀಗೆ ತರ್ತಿದ್ದಿಲ್ಲೇನ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. ಕಿಟಕಿಯಲ್ಲಿ ಟವರ್ ಕಾಣುತ್ತಿತ್ತು.

"ನಿರ್ಧಾರ ನಂದಲ್ಲ, ಮ್ಯಾಲಿನವರದು," ಎಂದರು. "ಭಯ ಕಡಿಮಿ ಇರಬೇಕಂತ ಕಾಯಿದೆ ಹೇಳ್ತದ. ಹೆಂಗ ಕಡಿಮಿ ಮಾಡಬೇಕಂತ ಹೇಳಿಲ್ಲ. ನೀವು ಹೊರಗ ಹೋಗಿ ಹೇಳೂ ಮೊದಲು ಒಂದು ಯೋಚನಿ ಮಾಡ್ರಿ. ನಾಲ್ಕು ತಿಂಗಳದ ರಿಪೋರ್ಟ್ ಮ್ಯಾಲೆ ಸಹಿ ಯಾರದು?"

ಸಹಿ ಅವಳದು. ಪ್ರತಿ ಕಾಗದದ ಮೇಲೂ.

ಅಷ್ಟರಲ್ಲಿ ಫೋನ್ ಬಂತು. ಕಂಟ್ರೋಲ್ ರೂಮಿನ ಹುಸೇನಸಾಬ್. ನಾಲ್ಕನೇ ಸೈಕ್ಲೋನ್ ಕಟ್ಟಿಕೊಂಡಿದೆ, ಶಿವಪುತ್ರ ಇಬ್ಬರನ್ನು ಕರೆದುಕೊಂಡು ಬಿಡಿಸಲು ಹೋಗಿದ್ದಾನೆ ಎಂದ. ಕಲ್ಲೂರರು ಕೇಳಿದರು, "ಅಂಜುಬುರುಕ ಎಷ್ಟು ತೋರಿಸ್ತದ?"

"ಮೂರು, ಸಾಹೇಬ್ರ."

"ಹಂಗಾರ ನಡೀಲಿ."

"ಹಿಟ್ಟು ನಿಂದ್ರಸ್ರಿ ಸರ್!" ನೀಲಾಂಬಿಕಾ ಎದ್ದಳು. "ಕಟ್ಟಿಕೊಂಡಾಗ ಹಿಟ್ಟು ನಿಂದ್ರಿಸಿ ಬಾಗಲಾ ತಗೀಬೇಕು. ಮೊದಲೆಲ್ಲಾ ಹಂಗಽ ಮಾಡ್ತಿದ್ರು."

"ಅರವತ್ತರ ಕೆಳಗ ಇದ್ದಾಗ ನಿಂದ್ರಸೂ ಅವಶ್ಯಕತಾ ಇಲ್ಲಂತ ನಿಯಮ ಅದ." ಅವರ ಕೈ ಫೋನಿನವರೆಗೆ ಹೋಯಿತು. ಆದರೂ ಫೋನನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಕಂಟ್ರೋಲ್ ರೂಮು ಅದೇ ಕಟ್ಟಡದಲ್ಲಿತ್ತು, ನೀಲಾಂಬಿಕಾ ಅಲ್ಲಿಗೆ ಓಡಿದಳು. ಹುಸೇನಸಾಬ್ ಮೂವತ್ತು ವರ್ಷದ ಅನುಭವಿ. ಒಂದು ಬೋಲ್ಟಿನ ಸಪ್ಪಳ ಬದಲಾದರೆ ಊಟ ಬಿಟ್ಟು ಏಳುತ್ತಿದ್ದವನು. ಪರದೆಗಳ ಮುಂದೆ ಕಾಲು ಚಾಚಿ ಕೂತಿದ್ದ. ನಾಲ್ಕನೇ ಸೈಕ್ಲೋನಿನ ಒತ್ತಡದ ಗೆರೆ ಕೆಂಪಾಗಿತ್ತು.

"ಕಾಕಾ, ಹಿಟ್ಟು ನಿಂದ್ರಸು. ನಿನ್ನ ಕಾಲಿಗೆ ಬೀಳ್ತೇನಿ."

"ಸಾಹೇಬ್ರು ಹೇಳದ ಹೆಂಗ ನಿಂದ್ರಸೂದವ್ವ?" ಎಂದು ಅವನು ಅಕ್ಕರೆಯಿಂದ ನಕ್ಕ. "ಏನೂ ಆಗಂಗಿಲ್ಲ, ಹೋಗು. ಸುಳ್ಳಽ ಅಂಜತಿ."

ಅವನ ಮೇಜಿನ ಮೇಲೆ ಕರವಸ್ತ್ರದಲ್ಲಿ ಅರ್ಧ ಉಂಡೆ ಇತ್ತು. ಮೊಮ್ಮಕ್ಕಳಿಗೆ.

*

ನಾಲ್ಕು ಅಂತಸ್ತು ಹತ್ತುವಷ್ಟರಲ್ಲಿ ನೀಲಾಂಬಿಕಾಳ ಎದೆ ಒಡೆದುಹೋಗುವಂತಿತ್ತು. ಶಿವಪುತ್ರ ಮುಖದ ಕವಚವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ಪಾನಾದಿಂದ ಸೈಕ್ಲೋನಿನ ಬಾಗಿಲಿನ ಬೋಲ್ಟು ತಿರುಗಿಸುತ್ತಿದ್ದ. ಇಬ್ಬರು ಸಲಾಕೆ ಹಿಡಿದು ನಿಂತಿದ್ದರು. ಕಾಲಡಿಯ ಕಬ್ಬಿಣದ ಜಾಲರಿ ಒಂದೇ ಸಮ ನಡುಗುತ್ತಿತ್ತು.

"ಬಿಡ್ರಿ ಅದನ್ನ. ಇಳೀರಿ ಕೆಳಗ." ಅವನ ತೋಳು ಹಿಡಿದು ಎಳೆದಳು.

ಅವನು ಮೆಲ್ಲಗೆ ಬಿಡಿಸಿಕೊಂಡ. "ಏನಾಗೇತಿ ನಿನಗ? ಇನ್ನ ಎರಡ ಬೋಲ್ಟು. ಕೆಲಸ ಮುಗಿಸಿ ಬರ್ತೇನಿ."

ಹೇಳಿದಳು. ಬೆಲ್ಲದ ವಿಷಯ, ಔಷಧದ ವಿಷಯ, ಎಲ್ಲವನ್ನೂ. ಮೂವರೂ ಕಿವಿಗೊಟ್ಟು ಕೇಳಿದರು. "ಹೌದಾ?" ಎಂದ ಒಬ್ಬ. ಶಿವಪುತ್ರ ಮತ್ತೆ ಪಾನಾ ಎತ್ತಿಕೊಂಡ.

ಆಗ ಅವಳಿಗೆ ಕಂಬದ ಮೇಲಿನ ಮಾಪಕ ಕಂಡಿತು. ಅಂಕಿ ಹತ್ತೊಂಬತ್ತು ಆಗಿತ್ತು. ಆ ಮೂರನ್ನು ಹತ್ತೊಂಬತ್ತು ಮಾಡಿದ್ದು ತಾನು. ಆ ಅಂತಸ್ತಿನಲ್ಲಿ ಅಂಜುತ್ತಿದ್ದ ಜೀವ ತಾನೊಂದೇ.

ಹೋಗಿ ಮಾಪಕದ ಜಾಲರಿಗೆ ಬಾಯಿ ಹಚ್ಚಿ ಉಸಿರು ಬಿಟ್ಟಳು. ಮೂವತ್ತೆಂಟು. ನಲವತ್ತೇಳು. ಅಲ್ಲಿಗೆ ನಿಂತಿತು. ನಿನ್ನೆ ತಿಂದ ಎರಡು ಹೋಳಿಗೆ ನೆನಪಾಯಿತು. ತನ್ನೊಳಗೂ ಅದು ಇಳಿದಿದೆ. ತನ್ನ ಭಯ ಸಾಲದೇ ಹೋದರೆ? ಹಾಗೆಂದುಕೊಂಡ ಕೂಡಲೇ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಇಳಿಯಿತು. ಐವತ್ತೈದು.

"ಅದಕ್ಯಾಕ ಮುತ್ತ ಕೊಡಾಕತ್ತೀದಿ?" ಶಿವಪುತ್ರ ನಕ್ಕ. ಉಳಿದಿಬ್ಬರೂ ನಕ್ಕರು. ಒಂದು ಬೋಲ್ಟು ಕಳಚಿ ಜಾಲರಿಯ ಮೇಲೆ ಬಿದ್ದು ಟಣ್ ಎಂದಿತು.

ಅರವತ್ತೊಂದು.

ಮಾಪಕದ ಮೂಲೆಯಲ್ಲಿ ಸೆಕೆಂಡುಗಳು ಓಡತೊಡಗಿದವು. ಹತ್ತು. ಇಪ್ಪತ್ತು. ನಲವತ್ತು. ಅಂಕಿ ನಿಂತಿದೆ, ಇನ್ನು ಐವತ್ತು ಸೆಕೆಂಡು ಕಳೆದರೆ ಇವರು ಉಳಿದರು ಎಂದುಕೊಂಡಳು. ಅಂಕಿ ಐವತ್ತೆಂಟಕ್ಕೆ ಇಳಿಯಿತು. ಸೆಕೆಂಡುಗಳು ಸೊನ್ನೆಗೆ ಹೋದವು.

ಆಗ ತಿಳಿಯಿತು. ಉಳಿದರು ಎಂದುಕೊಳ್ಳುವಂತಿಲ್ಲ. ಸಮಾಧಾನದ ಒಂದು ಎಳೆ ಮನಸ್ಸಿಗೆ ಬಂದರೂ ಉಸಿರು ಬದಲಾಗುತ್ತದೆ. ತೊಂಬತ್ತು ಸೆಕೆಂಡು ಪೂರ್ತಿ, ಇವರು ಉಳಿಯುವುದಿಲ್ಲ ಎಂದೇ ನಂಬಬೇಕು.

ಕಣ್ಣು ಮುಚ್ಚಿದಳು. ಬೆಂಕಿಯನ್ನು ನೆನೆಯಲಿಲ್ಲ. ಕ್ವಾರ್ಟರ್ಸಿನ ಮುಂದೆ ಬಂದು ನಿಂತ ಕಂಪನಿಯ ಜೀಪನ್ನು ನೆನೆದಳು. ಯಾರು ಬಂದರು ನೋಡವ್ವ ಎನ್ನುವ ಕಾಶವ್ವನನ್ನು. ಬೇರೆ ಯಾರದೋ ಕೈಯಲ್ಲಿ ಮರಳಿ ಬರುವ ಊಟದ ಡಬ್ಬಿಯನ್ನು, ಅದರೊಳಗೆ ಬೆಳಿಗ್ಗೆ ತಾನೇ ಕಟ್ಟಿದ ಎರಡು ರೊಟ್ಟಿ ಹಾಗೇ ಇರುವುದನ್ನು. ಬಾಗಿಲ ಹತ್ತಿರ ಅವನ ಚಪ್ಪಲಿ. ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯದೆ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದು, ಕಸ ಗುಡಿಸುವಾಗ ಎತ್ತಿ ಮತ್ತೆ ಅಲ್ಲೇ ಇಡುವುದು. ನಡುಮನೆಯಲ್ಲಿ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಗುಬ್ಬಿ ನೆಲದ ಮೇಲೆ ಕೋಳಿ ಬರೆಯುತ್ತಿದ್ದಾಳೆ. ಅಪ್ಪನ ಹೆಣ ಒಳಗೆ ತಂದರೂ ತಲೆ ಎತ್ತುವುದಿಲ್ಲ.

ಸೈರನ್ ಕಿವಿಯ ಮೇಲೇ ಒದರಿತು. ಕಣ್ಣು ತೆರೆದಾಗ ಅಂಕಿ ಎಪ್ಪತ್ತಾರು.

ಎರಡು ವರ್ಷದ ಅಭ್ಯಾಸ ಕೆಲಸಕ್ಕೆ ಬಂತು. ಸೈರನ್ ಆದರೆ ಇಳಿಯಬೇಕು. ಮೂವರೂ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು, ಸಂತೆಯಿಂದ ಮರಳುವವರ ಹಾಗೆ ನಿಧಾನವಾಗಿ ಮೆಟ್ಟಿಲ ಕಡೆ ನಡೆದರು. ಅವಳು ಹಿಂದಿನಿಂದ ದೂಡಿದಳು. ಮೂರನೇ ಅಂತಸ್ತು ತಲುಪುವಷ್ಟರಲ್ಲಿ ಮೇಲೆ ಸಡಿಲವಾಗಿದ್ದ ಬಾಗಿಲು ಕಿತ್ತುಬಂತು. ಹಿಟ್ಟು ಹೊರಗೆ ಸುರಿದ ಸಪ್ಪಳ ದೊಡ್ಡದೇನೂ ಇರಲಿಲ್ಲ, ಚೀಲದಿಂದ ಜೋಳ ಸುರಿದಂತೆ ಇತ್ತು. ಜಾಲರಿಯ ಆ ತುದಿಯಿಂದ ಕೆಂಪು ಬೂದಿಯ ಧಾರೆ ಕೆಳಗಿಳಿಯಿತು. ಅದರೊಡನೆ ಬಂದ ಸಲಾಕೆ ನೆಲಕ್ಕೆ ಬಿದ್ದಾಗ ಹೊಳೆಯುತ್ತಿತ್ತು.

ಶಿವಪುತ್ರ ನಿಂತು ನೋಡಿದ. "ನಾ ಅಲ್ಲೇ ನಿಂತಿದ್ನಲ್ಲ," ಎಂದ, ಮರೆತುಬಂದ ಕೊಡೆಯ ಮಾತಾಡುವವನ ಹಾಗೆ. ನೀಲಾಂಬಿಕಾ ಎರಡೂ ಕೈಯಿಂದ ಮೆಟ್ಟಿಲಿನ ಕಟಾಂಜನ ಹಿಡಿದು ಕೂತುಬಿಟ್ಟಳು.

ಕೆಳಗೆ ಕಲ್ಲೂರರು ಓಡಿಬಂದು ನಿಂತಿದ್ದರು. ಬೆಲ್ಲ ತಿನ್ನದ ಮನುಷ್ಯ. ಅವರ ತುಟಿ ಬಿಳಚಿಕೊಂಡಿತ್ತು. "ಎಷ್ಟು ಮಂದಿ?" ಎಂದರು. ಎಲ್ಲರೂ ಇಳಿದಿದ್ದಾರೆ ಎಂದು ತಿಳಿದ ಮೇಲೆ ಧೂಳಿನಲ್ಲೇ ಕುಳಿತರು. ಅವರು ಅಳುತ್ತಿದ್ದಾರೆಂದು ಅವಳಿಗೆ ಅನಿಸಿತು.

*

ಮೂರು ದಿನದ ನಂತರ ಗೇಟಿನಲ್ಲಿ ಹೊಸ ಬೋರ್ಡು ಬಂತು. ಒಬ್ಬ ವ್ಯಕ್ತಿಯ ವೈಯಕ್ತಿಕ ಭಯದಿಂದ ಉತ್ಪಾದನೆ ನಿಂತ ಘಟನೆಯನ್ನು ಗಮನಿಸಿ, ಇನ್ನು ಮುಂದೆ ಆಫೀಸು ಮತ್ತು ಲ್ಯಾಬಿನವರಿಗೂ ಬೆಲ್ಲ ನೀಡಲಾಗುವುದು. ಮಕ್ಕಳ ಹಿತದೃಷ್ಟಿಯಿಂದ ಬೆಲ್ಲವನ್ನು ಗೇಟಿನಲ್ಲೇ, ಸಿಬ್ಬಂದಿಯ ಎದುರಿಗೆ ತಿನ್ನತಕ್ಕದ್ದು. ಕೆಳಗೆ ಕಲ್ಲೂರರ ಸಹಿ.

ಸಾಲು ಮುಂದೆ ಸರಿಯಿತು. ಗಂಗವ್ವ ಅವಳ ಅಂಗೈಯಲ್ಲಿ ಉಂಡೆ ಇಟ್ಟಳು. ಪಕ್ಕದಲ್ಲಿ ವಾಚ್‌ಮನ್ ಪುಸ್ತಕ ಹಿಡಿದು ನಿಂತಿದ್ದ.

"ಬಾಯಾಗ ಹಾಕ್ಕೊ ನನ್ನವ್ವ," ಗಂಗವ್ವ ಪಿಸುಗುಟ್ಟಿದಳು. "ಹೆಸರು ಬರಕೊಳ್ತಾರ."

ನೀಲಾಂಬಿಕಾ ಚೀಲದಿಂದ ಲ್ಯಾಬಿನ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಉಂಡೆಯನ್ನು ಅದರೊಳಗೆ ಹಾಕಿ, ಅಂಟಿಸಿ, ಮೇಲೆ ತಾರೀಕು ಬರೆದಳು. ಮನೆಯಲ್ಲಿ ಉಳಿದಿದ್ದ ಗೇಟಿನ ಬೆಲ್ಲದ ಇಂಥವೇ ಎರಡು ಪೊಟ್ಟಣ, ಪರೀಕ್ಷೆಯ ಕಾಗದ, ತಾನು ಸಹಿ ಮಾಡಿದ ನಾಲ್ಕು ತಿಂಗಳ ರಿಪೋರ್ಟುಗಳು, ಆ ಸಹಿ ತನ್ನದೆಂದು ಒಪ್ಪಿಕೊಂಡ ಪತ್ರ ಹಿಂದಿನ ದಿನವೇ ಜಿಲ್ಲೆಯ ಕಾರ್ಖಾನೆ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಿದ್ದವು. ಉತ್ತರ ಬಂದಿರಲಿಲ್ಲ. ಬರುತ್ತದೆಂದು ಹೇಳುವಂತೆಯೂ ಇರಲಿಲ್ಲ.

"ಯಾಕವ್ವ, ತಿನ್ನೂದಿಲ್ಲೇನು?" ಹಿಂದೆ ನಿಂತಿದ್ದ ಮುದುಕ ಕೇಳಿದ.

"ಇಲ್ಲ ಯಪ್ಪಾ. ನನಗ ಅಂಜಿಕಿ ಬೇಕಾಗೇತಿ."

ಮುದುಕ ತನ್ನ ಅಂಗೈಯಲ್ಲಿದ್ದ ಉಂಡೆಯನ್ನು ನೋಡಿಕೊಂಡ. ವಾಚ್‌ಮನ್ ಅವಳ ಹೆಸರು ಬರೆದುಕೊಂಡ, ಗೇಟು ತೆರೆಯಲಿಲ್ಲ. ಅವಳು ಮನೆಗೆ ನಡೆದಳು.

ಶಿವಪುತ್ರ ರಜೆ ಹಾಕಿದ್ದ. ಹಾಕ್ರಿ ಎಂದಿದ್ದಳು, ಆಗಲಿ ಎಂದಿದ್ದ. ಎಲ್ಲದಕ್ಕೂ ಹಾಗೇ ಆಗಲಿ ಎನ್ನುತ್ತಿದ್ದ.

ಮನೆಯಲ್ಲಿ ಗೇಟಿನ ಬೆಲ್ಲ ನಿಂತ ಹನ್ನೊಂದನೆಯ ದಿನ ಮಧ್ಯಾಹ್ನ ನೀಲಾಂಬಿಕಾ ಕುಕ್ಕರಿನಲ್ಲಿ ಬೇಳೆ ಇಟ್ಟಳು. ಗುಬ್ಬಿ ಕಟ್ಟೆಯ ಕೆಳಗೆ ಬಳಪ ಹಿಡಿದು ಕೂತಿದ್ದಳು. ಒಂದು ಕೂಗಾಯಿತು. ಹುಡುಗಿ ಬರೆಯುತ್ತಲೇ ಇದ್ದಳು. ಎರಡನೆಯದಕ್ಕೆ ಬಳಪ ನಿಂತಿತು. ಮೂರನೆಯದಾದ ಮೇಲೆ ಸೀರೆಯ ಅಂಚನ್ನು ಯಾರೋ ಹಿಡಿದಂತಾಯಿತು. ನೀಲಾಂಬಿಕಾ ಬಗ್ಗಿ ನೋಡಲಿಲ್ಲ. ನೋಡಲು ಅಂಜಿದಳು.

"ಅಂಜಿಕಿ ಬಂತೇನವ್ವ?"

"ಇಲ್ಲ," ಎಂದಳು ಗುಬ್ಬಿ. ಅಂಚು ಬಿಡಲಿಲ್ಲ.

ಬೇಳೆ ಬೆಂದಿತ್ತು. ನೀಲಾಂಬಿಕಾಳ ಕೈ ಒಲೆ ಆರಿಸಲು ಹೋಗಿ ನಿಂತಿತು. ಇನ್ನೊಂದು ಸಲ ಕೂಗಲಿ ಎಂದು ಕಾದಳು.